ಹುಳ ಹಣ್ಣಾಗುವ ವಾರ, ಏರದ ತೂಕ: ಶಿಡ್ಲಘಟ್ಟ ಕಡೆಯ ಒಂದು ಪ್ರಕರಣ

ಹೆಣ್ಣು ಮಗು. ಹುಟ್ಟಿದಾಗ ತೂಕ 1,920 ಗ್ರಾಂ. 38 ವಾರ ತುಂಬಿತ್ತು. ನಾರ್ಮಲ್ ಹೆರಿಗೆ, ಹುಟ್ಟಿದ ಕೂಡಲೇ ಅತ್ತಿದೆ. ತೂಕ ಯಾಕೆ ಕಡಿಮೆ ಅಂತ ಕೇಸ್ ಶೀಟ್ ತೆಗೆದು ನೋಡಿದರೆ ಎರಡೇ ಪದ: ‘ತಾಯಿಗೆ ರಕ್ತಹೀನತೆ’. ಮನೆಯವರನ್ನು ಕೇಳಿದರೂ ಅದೇ ಉತ್ತರ. "ಅವಳಿಗೆ ರಕ್ತ ಕಮ್ಮಿ ಇತ್ತಂತೆ."

ಸುಳ್ಳಲ್ಲ, ರಕ್ತ ಕಡಿಮೆ ಇದ್ದದ್ದು ನಿಜ. ಆದರೆ ಅಷ್ಟು ಬರೆದು ಫೈಲ್ ಮುಚ್ಚಿದರೆ ಉಳಿದದ್ದೆಲ್ಲ ಅದರೊಳಗೇ ಉಳಿದುಬಿಡುತ್ತದೆ. ನಾನು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ತಾಯಿ-ಮಗುವಿನ ಆರೋಗ್ಯದ ಕೆಲಸದಲ್ಲಿರುವವಳು. ಕಡಿಮೆ ತೂಕದ ಮಗು ಹುಟ್ಟಿದ ಮನೆಗೆ ಹೋಗಿ, ಒಂಬತ್ತು ತಿಂಗಳ ಲೆಕ್ಕವನ್ನು ಹಿಂದಿನಿಂದ ಬಿಡಿಸುವುದು ನನ್ನ ಪಾಲಿನ ಕೆಲಸ. ಈ ಮನೆಯದನ್ನು ವಿವರವಾಗಿ ಬರೆಯಲು ಒಂದು ಕಾರಣ ಇದೆ. ಪಕ್ಕದಲ್ಲಿಟ್ಟು ನೋಡಲು ಅದೇ ತಾಯಿಯ ಇನ್ನೊಂದು ಬಸಿರಿನ ದಾಖಲೆ ಸಿಕ್ಕಿತು. ಗುರುತು ಸಿಗಬಾರದು ಅಂತ ಹೆಸರು, ಊರು ಬಿಟ್ಟಿದ್ದೇನೆ.

ಹುಟ್ಟಿದಾಗ 2,500 ಗ್ರಾಂಗಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕದ ಮಗು. ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಗೆರೆ ಇದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ತೂಕ ಹಾಕಿದ ಮಕ್ಕಳಲ್ಲಿ ಶೇ. 18ರಷ್ಟು ಈ ಗೆರೆಯ ಕೆಳಗೇ ಹುಟ್ಟಿದ್ದವು. ಅಂದರೆ ಇದು ಅಪರೂಪದ ಕೇಸ್ ಅಲ್ಲ. ದಿನಾ ನೋಡುವಂಥದ್ದೇ.

ಮನೆ, ಮನೆಯವರು

ಶಿಡ್ಲಘಟ್ಟ ತಾಲ್ಲೂಕಿನ ಒಂದು ತೋಟದ ಮನೆ. ಊರಿಂದ ಒಂದೂವರೆ ಕಿಲೋಮೀಟರ್ ಆಚೆ. ಒಂದೂವರೆ ಎಕರೆ ಹಿಪ್ಪುನೇರಳೆ, ಅದನ್ನು ಎರಡು ಭಾಗ ಮಾಡಿಕೊಂಡು ಒಂದಾದ ಮೇಲೊಂದು ರೇಷ್ಮೆ ಹುಳದ ಬೆಳೆ. ಗೂಡು ಮಾರುವುದು ಶಿಡ್ಲಘಟ್ಟ ಮಾರುಕಟ್ಟೆಯಲ್ಲೇ. ಮನೆಯಲ್ಲಿ ಗಂಡ, ಅತ್ತೆ, ಮಾವ, ಒಂದೂವರೆ ವರ್ಷದ ಗಂಡು ಮಗು, ಮತ್ತೆ ಈ ತಾಯಿ. ವಯಸ್ಸು 21. ಗಂಡ ಬೆಳೆ ಇಲ್ಲದ ದಿನ ಬಾಡಿಗೆಗೆ ಗೂಡ್ಸ್ ಆಟೋ ಓಡಿಸುತ್ತಾನೆ. ಅತ್ತೆಗೆ ಮಂಡಿ ನೋವು, ಬಗ್ಗಿ ಏಳುವ ಕೆಲಸ ಆಗುವುದಿಲ್ಲ. ಮಾವನಿಗೆ ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದಿದೆ. ಹಾಗಾಗಿ ಹುಳದ ಮನೆಯ ಕೆಲಸಕ್ಕೆ ನಿಂತ ಕೈ ಎರಡೇ ಜೋಡಿ, ಗಂಡನದು ಮತ್ತು ಬಸುರಿಯದು.

ಬೇಗ ಹುಟ್ಟಿತಾ, ಬೆಳೆಯಲಿಲ್ಲವಾ?

ತೂಕ ಕಡಿಮೆ ಅಂದ ಕೂಡಲೇ ಮೊದಲು ಕೇಳಬೇಕಾದ್ದು ಇದು. ದಿನ ತುಂಬುವ ಮೊದಲೇ ಹುಟ್ಟಿದ್ದಕ್ಕೆ ಕಾರಣಗಳು ಬೇರೆ. ದಿನ ತುಂಬಿಯೂ ಹೊಟ್ಟೆಯೊಳಗೆ ಬೆಳೆಯದೇ ಇದ್ದದ್ದಕ್ಕೆ ಕಾರಣಗಳು ಬೇರೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ಮುಂದಿನ ಯೋಚನೆಯೆಲ್ಲ ದಾರಿ ತಪ್ಪುತ್ತದೆ.

ಈ ಕೇಸಿನಲ್ಲಿ ಅದು ಅಷ್ಟು ಸುಲಭ ಇರಲಿಲ್ಲ. ಆಕೆಗೆ ಕೊನೆಯ ಮುಟ್ಟಿನ ದಿನ ನೆನಪಿಲ್ಲ. ಮೊದಲ ಮಗುವಿಗೆ ಹಾಲು ಕುಡಿಸುತ್ತಿದ್ದಳು, ಮುಟ್ಟು ಇನ್ನೂ ಸರಿಯಾಗಿ ಶುರುವಾಗಿರಲಿಲ್ಲ. ಬಸಿರು ಅಂತ ಗೊತ್ತಾದದ್ದೇ ಹೊಟ್ಟೆ ಕಾಣಿಸಿಕೊಂಡ ಮೇಲೆ. ಪುಣ್ಯಕ್ಕೆ ಸೆಪ್ಟೆಂಬರ್‌ನಲ್ಲಿ ಹೆಸರು ನೋಂದಾಯಿಸಿದಾಗಲೇ ಸ್ಕ್ಯಾನಿಂಗ್ ಆಗಿತ್ತು, 15 ವಾರ ಅಂತ ಬಂದಿತ್ತು. ಅಷ್ಟು ಬೇಗ ಮಾಡಿದ ಸ್ಕ್ಯಾನಿಂಗ್‌ನ ಲೆಕ್ಕ ತಪ್ಪಿದರೂ ಒಂದು ವಾರದ ಆಸುಪಾಸು ತಪ್ಪಬಹುದು, ಅಷ್ಟೇ. ಆ ಲೆಕ್ಕದಲ್ಲಿ ಹೆರಿಗೆ 38 ವಾರಕ್ಕೆ. ಅಂದರೆ ಮಗು ಬೇಗ ಬಂದಿಲ್ಲ, ಬೆಳೆದಿಲ್ಲ.

ಮಗುವಿನ ಮೈ ಕೂಡ ಅದನ್ನೇ ಹೇಳುತ್ತಿತ್ತು. ಉದ್ದ 46.5 ಸೆಂ.ಮೀ., ತಲೆ ಸುತ್ತಳತೆ 33 ಸೆಂ.ಮೀ. ಎರಡೂ ದಿನ ತುಂಬಿದ ಹೆಣ್ಣು ಮಗುವಿಗೆ ತೀರಾ ಕಡಿಮೆ ಅಲ್ಲ. ಆದರೆ ತೊಡೆಯ ಚರ್ಮ ಬೆರಳಲ್ಲಿ ಹಿಡಿದರೆ ಮೇಲೆದ್ದು ಬರುವಷ್ಟು ಸಡಿಲ. ಕುಂಡೆಯ ಮೇಲೆ ಮಡಿಕೆಗಳು. ಉಗುರು ಪೂರ್ತಿ ಬೆಳೆದಿದೆ, ಅಂಗಾಲಿನಲ್ಲಿ ಗೆರೆಗಳು ತುಂಬಿವೆ. ಕೊಬ್ಬು ಮಾತ್ರ ಇಲ್ಲ. ಮೊದಲ ತಿಂಗಳುಗಳಿಂದಲೇ ತೊಂದರೆ ಇದ್ದರೆ ಸಾಮಾನ್ಯವಾಗಿ ತಲೆ, ಉದ್ದ, ತೂಕ ಮೂರೂ ಚಿಕ್ಕದಾಗಿರುತ್ತವೆ. ತಲೆ ಸರಿ ಇದ್ದು ಮೈ ಮಾತ್ರ ಸೊರಗಿದ್ದರೆ ಕೊನೆಯ ತಿಂಗಳುಗಳ ಕಡೆ ನೋಡಬೇಕು. ಇದು ಗೆರೆ ಎಳೆದಂಥ ನಿಯಮ ಅಲ್ಲ, ಆದರೆ ಎಲ್ಲಿಂದ ಹುಡುಕಬೇಕು ಅಂತ ಹೇಳುತ್ತದೆ.

ಕೆಲವು ಕಾರಣಗಳನ್ನು ಬೇಗ ಬಿಟ್ಟುಬಿಡಬಹುದಿತ್ತು. ಬಿ.ಪಿ. ಯಾವತ್ತೂ 124/80 ದಾಟಿಲ್ಲ, ಮೂತ್ರದಲ್ಲಿ ಆಲ್ಬುಮಿನ್ ಇಲ್ಲ. ಸಕ್ಕರೆ, ಥೈರಾಯ್ಡ್, ಎಚ್‌ಐವಿ, ಸಿಫಿಲಿಸ್ ಎಲ್ಲ ಪರೀಕ್ಷೆ ಸರಿಯಾಗಿದೆ. ಅವಳಿ ಅಲ್ಲ. 36ನೇ ವಾರದ ಸ್ಕ್ಯಾನಿಂಗ್‌ನಲ್ಲಿ ಡಾಪ್ಲರ್ (ಮಗುವಿಗೆ ರಕ್ತ ಹರಿಯುವುದನ್ನು ನೋಡುವ ಪರೀಕ್ಷೆ) ಸರಿ, ಗರ್ಭದ ನೀರು ಸಾಕಷ್ಟು, ಮಗುವಿನ ಹೊಟ್ಟೆಯ ಸುತ್ತಳತೆ ಮಾತ್ರ ಹಿಂದೆ ಬಿದ್ದಿದೆ. ಇನ್ನು ಬೋರ್‌ವೆಲ್ ನೀರು. ಈ ಕಡೆ ಯಾರ ಮನೆಗೆ ಹೋದರೂ ಫ್ಲೋರೈಡ್ ಮಾತು ಬರುತ್ತದೆ. ಆ ಮಾತು ಸುಮ್ನೆ ಬಂದದ್ದೂ ಅಲ್ಲ. ಆದರೆ ಅದೇ ನೀರನ್ನು ಈಕೆ ಮೊದಲ ಬಸಿರಿನಲ್ಲೂ ಏಳು ತಿಂಗಳು ಕುಡಿದಿದ್ದಳು. ನಾನು ಹುಡುಕುತ್ತಿದ್ದದ್ದು ಎರಡು ಬಸಿರಿನ ನಡುವೆ ಬದಲಾದದ್ದು ಏನು ಅಂತ.

ಎರಡು ತಾಯಿ ಕಾರ್ಡ್

ಮೊದಲ ಹೆರಿಗೆ ತವರಲ್ಲಿ ಆಗಿತ್ತು. ಆ ಕಾರ್ಡ್ ಕಳೆದುಹೋಗಿದೆ ಅಂತಲೇ ಎಲ್ಲರೂ ಹೇಳಿದ್ದರು. ಆಕೆಯ ತಾಯಿ ಬಾಣಂತನಕ್ಕೆ ಬಂದಾಗ ಟ್ರಂಕಿನಿಂದ ಹುಡುಕಿ ತಂದುಕೊಟ್ಟರು. ಅದಕ್ಕೆ ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಆ ಕಾರ್ಡ್ ಸಿಗದಿದ್ದರೆ ಈ ಬರಹವೇ ಇಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟಾಗ ಕಂಡದ್ದು ಹೀಗೆ.

ಮೊದಲ ಬಸಿರು: 12ನೇ ವಾರದಲ್ಲಿ ತಾಯಿ 41 ಕಿಲೋ, ಕೊನೆಗೆ 49. ಎಂಟು ಕಿಲೋ ಏರಿದೆ. ಹಿಮೋಗ್ಲೋಬಿನ್ 10.4. ಏಳನೇ ತಿಂಗಳಿಗೇ ತವರಿಗೆ ಕರೆದುಕೊಂಡು ಹೋಗಿದ್ದಾರೆ. ಗಂಡು ಮಗು, 2,380 ಗ್ರಾಂ.

ಎರಡನೇ ಬಸಿರು: 15ನೇ ವಾರದಲ್ಲಿ 39 ಕಿಲೋ. 28ನೇ ವಾರಕ್ಕೆ 42.1. 32ಕ್ಕೆ 43. 36ಕ್ಕೆ 43.2. ಹಿಮೋಗ್ಲೋಬಿನ್ 9.4ರಿಂದ ಶುರುವಾಗಿ 8.9ಕ್ಕೆ ಇಳಿದು 9.1ಕ್ಕೆ ನಿಂತಿದೆ. ಹೆಣ್ಣು ಮಗು, 1,920 ಗ್ರಾಂ.

ವ್ಯತ್ಯಾಸ 460 ಗ್ರಾಂ. ಗಂಡು ಮಗು ಹೆಣ್ಣಿಗಿಂತ ಸರಾಸರಿ ನೂರು ಗ್ರಾಂನಷ್ಟು ಜಾಸ್ತಿ ತೂಗುತ್ತದೆ, ಅದು ನಿಜ. ಆದರೆ ಎರಡನೇ ಮಗು ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಹೆಚ್ಚುಕಮ್ಮಿ ಅಷ್ಟೇ ಜಾಸ್ತಿ ಇರುತ್ತದೆ. ಅದಕ್ಕೂ ಇದಕ್ಕೂ ವಜಾ ಮಾಡಿಕೊಂಡರೂ 460 ಗ್ರಾಂ ಹಾಗೇ ಉಳಿಯುತ್ತದೆ.

ಬದಲಾಗದ ಸಂಗತಿಗಳೂ ಇವೆ. ಎತ್ತರ 146 ಸೆಂ.ಮೀ. ನಮ್ಮಲ್ಲಿ 145ಕ್ಕಿಂತ ಕಡಿಮೆ ಇದ್ದರೆ ‘ಅಪಾಯದ ಗರ್ಭಿಣಿ’ ಅಂತ ಗುರುತು ಹಾಕುತ್ತಾರೆ. ಈಕೆ ಒಂದು ಸೆಂಟಿಮೀಟರ್ ಮೇಲಿದ್ದಳು, ಗುರುತು ಬೀಳಲಿಲ್ಲ. 39 ಕಿಲೋಗೆ 146 ಸೆಂ.ಮೀ. ಅಂದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 18.3, ಅದು 18.5ರ ಗೆರೆಗಿಂತ ಕೆಳಗೆ. ಗಿಡ್ಡ, ಸಣಕಲು ತಾಯಿಗೆ ಸಣ್ಣ ಮಗು ಹುಟ್ಟುವ ಸಾಧ್ಯತೆ ಜಾಸ್ತಿ. ಎಷ್ಟೋ ಸಲ ಆ ಗಿಡ್ಡತನ ತಾಯಿ ತಾನೇ ಮಗುವಾಗಿದ್ದಾಗ ಸಿಗದ ಊಟದ ಗುರುತು. "ಇವಳೂ ಹುಟ್ಟಿದಾಗ ಅಂಗೈ ಅಗಲ ಇದ್ಲು" ಅಂತ ಆಕೆಯ ತಾಯಿ ನಗುತ್ತಾ ಹೇಳಿದರು. ಮೊದಲ ಮಗು 2,380 ಇದ್ದದ್ದಕ್ಕೆ ಈ ಕಾರಣ ಮತ್ತು 19ರ ವಯಸ್ಸು ಸಾಕು. ಎರಡನೆಯದಕ್ಕೆ ಸಾಲದು.

ಎರಡನೇ ಕಾರ್ಡಿನಲ್ಲಿ ‘ಹಿಂದಿನ ಹೆರಿಗೆ’ ಅನ್ನುವ ಕಡೆ ‘ನಾರ್ಮಲ್’ ಅಂತ ಬರೆದಿದೆ. ಹೆರಿಗೆ ನಾರ್ಮಲ್ ಆಗಿತ್ತು, ಸರಿ. ಮಗುವಿನ ತೂಕ ನಾರ್ಮಲ್ ಇರಲಿಲ್ಲ. ಮೊದಲ ಮಗು ಕಡಿಮೆ ತೂಕ ಇದ್ದರೆ ಎರಡನೆಯದೂ ಹಾಗೇ ಆಗುವ ಅಪಾಯ ಜಾಸ್ತಿ ಅನ್ನುವುದು ಎಲ್ಲ ಕಡೆ ಕಂಡಿರುವ ಸಂಗತಿ. ಆ ಒಂದು ಪದದ ಹಿಂದೆ ಅದು ಅಡಗಿಹೋಯಿತು.

ಅಂತರ ನೋಡಿ. ಎರಡನೇ ಬಸಿರು ನಿಂತಾಗ ಮೊದಲ ಮಗುವಿಗೆ ಇನ್ನೂ ಹತ್ತು ತಿಂಗಳು ತುಂಬಿರಲಿಲ್ಲ. ಹೆರಿಗೆಯಿಂದ ಮುಂದಿನ ಬಸಿರಿಗೆ ಕನಿಷ್ಠ 24 ತಿಂಗಳು ಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಯಾಕೆ ಅಂತ ಈ ಕಾರ್ಡ್‌ಗಳೇ ತೋರಿಸುತ್ತವೆ. ಮೊದಲ ಬಸಿರಿಗೆ 41 ಕಿಲೋದಲ್ಲಿ ಕಾಲಿಟ್ಟವಳು ಎರಡನೆಯದಕ್ಕೆ 39 ಕಿಲೋದಲ್ಲಿ ಕಾಲಿಟ್ಟಿದ್ದಾಳೆ. ಕಬ್ಬಿಣದ ಅಂಶವೂ ಹಾಗೇ. ಹೆರಿಗೆಯಲ್ಲಿ ಹೋದ ರಕ್ತ ತುಂಬಿಕೊಳ್ಳುವ ಮೊದಲೇ ಇನ್ನೊಂದು ಮಗುವಿಗೆ ಕೊಡಬೇಕಾಗಿ ಬಂತು.

ಹುಳದ ಲೆಕ್ಕ

ನನಗೆ ಹೆಚ್ಚು ಕಾಡಿದ್ದು ಕೊನೆಯ ಎರಡು ತೂಕ. 32ನೇ ವಾರಕ್ಕೆ 43, 36ನೇ ವಾರಕ್ಕೆ 43.2. ನಾಲ್ಕು ವಾರದಲ್ಲಿ 200 ಗ್ರಾಂ.

28ನೇ ವಾರದಲ್ಲಿ ಹೊಟ್ಟೆಯ ಮಗು ಹೆಚ್ಚುಕಮ್ಮಿ ಒಂದು ಕಿಲೋ ಇರುತ್ತದೆ. ಅಲ್ಲಿಂದ ಮುಂದೆ ಅದು ವಾರಕ್ಕೆ ಸುಮಾರು 200 ಗ್ರಾಂ ಕೂಡಿಸಿಕೊಳ್ಳಬೇಕು. ಅಂದರೆ ಆ ನಾಲ್ಕು ವಾರದಲ್ಲಿ ಮಗುವೊಂದೇ 800 ಗ್ರಾಂ ಬೆಳೆಯಬೇಕಿತ್ತು. ತಾಯಿಯದೂ ಮಗುವಿನದೂ ಸೇರಿ ಏರಿದ್ದೇ 200. ಮಗು ಅರ್ಧ ಕಿಲೋ ಬೆಳೆದಿತ್ತು ಅಂತ ಇಟ್ಟುಕೊಂಡರೂ ತಾಯಿಯ ಸ್ವಂತ ಮೈ 300 ಗ್ರಾಂ ಕರಗಿದೆ. ಎಂಟನೇ ತಿಂಗಳಲ್ಲಿ!

ಆ ನಾಲ್ಕು ವಾರ ಮನೆಯಲ್ಲಿ ಏನಾಗಿತ್ತು ಅಂತ ಕೇಳಿದೆ. "ಏನಿಲ್ಲ ಮೇಡಂ, ಎಲ್ಲಾ ಚೆನ್ನಾಗೇ ಇತ್ತು" ಅಂದರು. ಹೀಗೆ ಕೇಳಿದರೆ ಯಾವ ಮನೆಯಲ್ಲೂ ಏನೂ ಆಗಿರುವುದಿಲ್ಲ. ಗೂಡು ಮಾರಿದ ಚೀಟಿ ಇದೆಯಾ ಅಂತ ಕೇಳಿದೆ. ಗೋಡೆಯ ತಂತಿಗೆ ಸಿಕ್ಕಿಸಿದ್ದ ಚೀಟಿಗಳ ಕಟ್ಟನ್ನೇ ಗಂಡ ತಂದುಕೊಟ್ಟ. ಮೇಲೆ ದಿನಾಂಕ, ಕೆಳಗೆ ಗೂಡಿನ ತೂಕ. ಒಂದು ಜನವರಿ ಮಧ್ಯದ್ದು, ಇನ್ನೊಂದು ಫೆಬ್ರವರಿ ಮಧ್ಯದ್ದು. ಗೂಡು ಮಾರಿದ ದಿನದಿಂದ ಹಿಂದಕ್ಕೆ ಎಣಿಸಿದರೆ ಹುಳ ನಾಲ್ಕನೇ ಜ್ವರ (ತಿನ್ನುವುದು ಬಿಟ್ಟು ಪೊರೆ ಕಳಚುವ ಹಂತ) ಎದ್ದ ದಿನ ಸಿಗುತ್ತದೆ. ಒಂದು ಬೆಳೆಯ ಕೊನೆಯ ಹಂತ ಆಕೆಯ 30–31ನೇ ವಾರಕ್ಕೆ ಬಂದಿತ್ತು. ಇನ್ನೊಂದರದ್ದು 35ನೇ ವಾರಕ್ಕೆ.

ರೇಷ್ಮೆ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ನಾಲ್ಕನೇ ಜ್ವರ ಎದ್ದ ಮೇಲೆ ಹಣ್ಣಾಗುವ ತನಕ, ಅಂದರೆ ಗೂಡು ಕಟ್ಟಲು ತಯಾರಾಗುವ ತನಕ, ಸುಮಾರು ಒಂದು ವಾರ ಹುಳ ತಿನ್ನುವುದೇ ತಿನ್ನುವುದು. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಈ ಒಂದೇ ವಾರದಲ್ಲಿ ಖಾಲಿ. ಬೆಳಗಿನ ಜಾವ ಎದ್ದು ಕಡ್ಡಿ ಸಮೇತ ಸೊಪ್ಪು ಕೊಯ್ಯಬೇಕು, ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ತರಬೇಕು, ಅಂಕಣಕ್ಕೆ ಹರಡಬೇಕು. ಮತ್ತೆ ಮಧ್ಯಾಹ್ನ. ಮತ್ತೆ ರಾತ್ರಿ. ಹಣ್ಣು ಹುಳ ಆರಿಸಿ ಚಂದ್ರಿಕೆಗೆ (ಹುಳ ಗೂಡು ಕಟ್ಟುವ ತಟ್ಟೆ) ಬಿಡುವ ಎರಡು ದಿನ ಅಂತೂ ಕೂರುವುದಕ್ಕೂ ಪುರಸೊತ್ತಿಲ್ಲ. ತಡವಾದರೆ ಹುಳ ಅಲ್ಲೇ ಕಸದಲ್ಲಿ ನೂಲು ಸುತ್ತಿ ಹಾಳಾಗುತ್ತದೆ.

ಆ ವಾರ ಊಟ ಹೇಗೆ ಅಂತ ಅತ್ತೆಯನ್ನು ಕೇಳಿದೆ.

"ಹುಳ ಹಣ್ಣಾಗೋ ಟೈಮಲ್ಲಿ ಮನುಷ್ರಿಗೆ ಊಟ ಎಲ್ಲಿ ಮೇಡಮ್ಮೋರೇ? ಮೊದ್ಲು ಹುಳಕ್ಕೆ. ಆಮೇಲೆ ಗಂಡಸರಿಗೆ. ನಾವು ಸಿಕ್ಕಾಗ."

ಅವರು ಕ್ರೂರಿ ಅಲ್ಲ. ಅವರೂ ಹೀಗೇ ನಾಲ್ಕು ಮಕ್ಕಳನ್ನು ಹೆತ್ತವರು. ಒಂದು ಬೆಳೆ ಹೋದರೆ ಮನೆಯ ಎರಡು ತಿಂಗಳ ಖರ್ಚು ಹೋಯಿತು. ಕೂಲಿಯವರನ್ನು ಇಟ್ಟುಕೊಂಡರೆ ಲಾಭವೇ ಉಳಿಯುವುದಿಲ್ಲ. ನಾಲ್ಕು ಮಾತಾಡಿದ ಮೇಲೆ ಸೊಸೆ ಆ ವಾರದ ದಿನಚರಿ ಹೇಳಿದಳು. ಬೆಳಿಗ್ಗೆ ಐದಕ್ಕೆ ಟೀ. ಹನ್ನೊಂದಕ್ಕೆ ಒಂದು ಮುದ್ದೆ, ಸಾರು. ಸಂಜೆ ಟೀ. ರಾತ್ರಿ ಹತ್ತಕ್ಕೆ ಕೊನೆಯ ಸೊಪ್ಪು ಹಾಕಿ ಬಂದು ಉಳಿದದ್ದು. "ಒಂದೊಂದ್ಸಲ ಕೈ ತೊಳ್ಕೊಂಡು ಹಂಗೇ ಮಲ್ಕೊಂಬಿಡ್ತಿದ್ದೆ ಅಕ್ಕಾ" ಅಂದಳು.

ಇಂಥದ್ದನ್ನು ಬೇರೆ ಕಡೆಯೂ ಅಳೆದು ನೋಡಿದ್ದಾರೆ. 1944–45ರ ಚಳಿಗಾಲದಲ್ಲಿ ಜರ್ಮನ್ನರ ದಿಗ್ಬಂಧನದಿಂದ ಹಾಲೆಂಡಿನಲ್ಲಿ ಬರ ಬಿತ್ತು. ಬಸಿರಿನ ಕೊನೆಯ ಮೂರು ತಿಂಗಳು ಆ ಹಸಿವಿಗೆ ಸಿಕ್ಕ ತಾಯಂದಿರ ಮಕ್ಕಳ ತೂಕ ಸುಮಾರು 300 ಗ್ರಾಂ ಇಳಿದಿತ್ತು. ಮೊದಲ ತಿಂಗಳುಗಳಲ್ಲಿ ಮಾತ್ರ ಹಸಿದು ಆಮೇಲೆ ಊಟ ಸಿಕ್ಕವರ ಮಕ್ಕಳ ತೂಕ ಹಾಗೆ ಇಳಿಯಲಿಲ್ಲ. ನಮಗೆ ಇನ್ನೂ ಹತ್ತಿರದ್ದು ಆಫ್ರಿಕಾದ ಗಾಂಬಿಯಾ. ಅಲ್ಲಿ ಹೊಲದ ಕೆಲಸ ಜಾಸ್ತಿ, ಕಣಜ ಖಾಲಿ ಇರುವ ತಿಂಗಳುಗಳಲ್ಲಿ ಹುಟ್ಟುವ ಮಕ್ಕಳು ಪ್ರತಿ ವರ್ಷ ಸಣ್ಣವು. ಬಸುರಿಯರಿಗೆ ದಿನಾ ಕಡಲೆಕಾಯಿಯ ಬಿಸ್ಕತ್ತು ಕೊಟ್ಟು ನೋಡಿದರು. 1997ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಆ ಕಷ್ಟದ ತಿಂಗಳುಗಳಲ್ಲಿ ಹುಟ್ಟಿದ ಮಕ್ಕಳ ತೂಕ ಸರಾಸರಿ 201 ಗ್ರಾಂ ಏರಿತ್ತು. ಸುಗ್ಗಿಯ ತಿಂಗಳುಗಳಲ್ಲಿ 94 ಮಾತ್ರ. ಪುಣೆ ಬಳಿಯ ಹಳ್ಳಿಗಳಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನದಲ್ಲೂ ಮೈ ಮುರಿದು ದುಡಿದ ಬಸುರಿಯರ ಮಕ್ಕಳು ಸಣ್ಣವು, ಸೊಪ್ಪು, ಹಾಲು, ಹಣ್ಣು ಹೆಚ್ಚು ತಿಂದವರ ಮಕ್ಕಳು ದೊಡ್ಡವು.

ಮೊದಲ ಬಸಿರಿನಲ್ಲಿ ಈ ಕೆಲಸ ಯಾಕೆ ಬೀಳಲಿಲ್ಲ? ಚೊಚ್ಚಲು ಹೆರಿಗೆ ತವರಿನದ್ದು. ಏಳನೇ ತಿಂಗಳಿಗೆ ಬಂದು ಕರೆದುಕೊಂಡು ಹೋದರು, ಅಲ್ಲಿ ಹುಳ ಇಲ್ಲ, ಮಧ್ಯಾಹ್ನದ ನಿದ್ದೆಯೂ ಇತ್ತು. ಎರಡನೆಯದು ಗಂಡನ ಮನೆಯದು. ಅದು ಈ ಕಡೆಯ ವಾಡಿಕೆ. ತವರಿನ ಆ ಮೂರು ತಿಂಗಳನ್ನು ನಾವು ಪ್ರೀತಿ, ಶಾಸ್ತ್ರ ಅಂತ ನೋಡುತ್ತೇವೆ. ಮಗುವಿನ ತೂಕದ ಲೆಕ್ಕದಲ್ಲಿ ಅದು ಔಷಧಿಗಿಂತ ಕಮ್ಮಿ ಅಲ್ಲ ಅಂತ ಈ ಎರಡು ಕಾರ್ಡ್ ನೋಡಿದ ಮೇಲೆ ನನಗೆ ಅನ್ನಿಸಿದೆ.

ಊಟ, ಮಾತ್ರೆ, ಎಲೆ-ಅಡಿಕೆ

ಸರ್ಕಾರದ ಊಟ ಇರಲಿಲ್ಲವಾ? ಇತ್ತು. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲೇ ಬಸುರಿ, ಬಾಣಂತಿಯರಿಗೆ ಮಧ್ಯಾಹ್ನದ ಬಿಸಿ ಊಟ, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿ ಇದೆ. ಗಾಂಬಿಯಾದ ಬಿಸ್ಕತ್ತಿಗೂ ನಮ್ಮ ಚಿಕ್ಕಿಗೂ ಅಂಥ ವ್ಯತ್ಯಾಸ ಏನಿಲ್ಲ. ಆದರೆ ಅಂಗನವಾಡಿ ಊರೊಳಗೆ, ಮನೆ ತೋಟದಲ್ಲಿ. ಕಂಕುಳಲ್ಲಿ ಮಗು ಎತ್ತಿಕೊಂಡು ಒಂದೂವರೆ ಕಿಲೋಮೀಟರ್ ಹೋಗಿ, ಉಂಡು, ಮತ್ತೆ ವಾಪಸ್. ಮಧ್ಯಾಹ್ನದ ಸೊಪ್ಪು ಹಾಕುವ ಹೊತ್ತೂ ಅದೇ. ಆಕೆ ಹೋದದ್ದು ಬೆಳೆ ಇಲ್ಲದ ದಿನಗಳಲ್ಲಿ ಮಾತ್ರ. ಬೇಡದಿದ್ದಾಗ ಊಟ ಸಿಕ್ಕಿತು, ಬೇಕಾದಾಗ ಸಿಗಲಿಲ್ಲ.

ದುಡ್ಡಿನ ವಿಷಯವೂ ಇದೆ. ಮಾತೃವಂದನಾ ಯೋಜನೆಯಲ್ಲಿ ಎರಡನೇ ಮಗುವಿಗೆ 6,000 ರೂಪಾಯಿ ಬರುತ್ತದೆ, ಅದೂ ಹೆಣ್ಣು ಮಗು ಆದರೆ. ಹೆಣ್ಣೋ ಗಂಡೋ ಗೊತ್ತಾಗುವುದು ಹೆರಿಗೆ ಆದ ಮೇಲೆ. ಬಸುರಿಗೆ ಕೂಲಿಯವರನ್ನು ಇಟ್ಟುಕೊಳ್ಳಲು ಬೇಕಾದ ದುಡ್ಡು ಮಗು ಹುಟ್ಟಿದ ಮೇಲೆ ಬಂದರೆ ಹೊಟ್ಟೆಯೊಳಗಿನ ಮಗುವಿಗೆ ಏನು ಪ್ರಯೋಜನ?

ಅದು ಅವರೆಕಾಯಿ ಕಾಲ. ಮನೆಯಲ್ಲಿ ದಿನಾ ಹಿತಕಬೇಳೆ ಸಾರು. ಬಸುರಿಗೆ ಮಾತ್ರ ಇಲ್ಲ, ವಾಯು ಆಗುತ್ತದಂತೆ. ಮೊಟ್ಟೆ ಉಷ್ಣ. ಪಪ್ಪಾಯಿ ಅಂತೂ ಕೇಳುವಂತೆಯೇ ಇಲ್ಲ. ಎಲ್ಲಕ್ಕಿಂತ ಮೇಲೆ, "ಜಾಸ್ತಿ ತಿಂದ್ರೆ ಮಗು ದಪ್ಪ ಆಗಿ ಹೆರಿಗೆ ಕಷ್ಟ" ಅನ್ನುವ ಮಾತು. ಸಿಸೇರಿಯನ್ ಭಯ ಈಗ ಹಳ್ಳಿಯಲ್ಲೂ ಇದೆ, ಆ ಭಯಕ್ಕೆ ಈ ಮಾತು ಚೆನ್ನಾಗಿ ಅಂಟಿಕೊಂಡಿದೆ.

ಈಗ ರಕ್ತಕ್ಕೆ ಬರೋಣ. ಬಸುರಿಗೆ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. 7ರಿಂದ 9.9ರ ತನಕ ಮಧ್ಯಮ. ಆಗ ದಿನಕ್ಕೆ ಎರಡು ಕೆಂಪು ಮಾತ್ರೆ, ಒಂದೊಂದರಲ್ಲೂ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಮಾತ್ರೆ ಕೊಟ್ಟಿದ್ದರು. ಕಾರ್ಡಿನಲ್ಲಿ ಪ್ರತಿ ತಿಂಗಳೂ ‘ಕೊಟ್ಟಿದೆ’ ಅಂತ ಇದೆ. ನುಂಗಿದ್ದಾಳಾ ಅಂತ ಇಲ್ಲ.

ನಾನು ಮಾತ್ರೆ ತೋರಿಸು ಅಂದೆ. ಅಡುಗೆಮನೆಯ ಗೂಡಿನಲ್ಲಿ ಉಪ್ಪಿನ ಡಬ್ಬದ ಹಿಂದೆ ಇದ್ದವು. ಕ್ಯಾಲ್ಸಿಯಂ ಪಟ್ಟಿಗಳು ಮುಗಿದಿವೆ, ಕೆಂಪು ಮಾತ್ರೆಯ ಆರು ಪಟ್ಟಿ ಹಾಗೇ ಇವೆ. ಮಲ ಕಪ್ಪಾಗಿ ಹೆದರಿದ್ದಳು, ವಾಕರಿಕೆ ಬೇರೆ. ನುಂಗಿದ ದಿನಗಳಲ್ಲೂ ಬೆಳಗಿನ ಟೀ ಜೊತೆ, ಕ್ಯಾಲ್ಸಿಯಂ ಸಮೇತ ಒಂದೇ ಗುಟುಕಿಗೆ. ಟೀ, ಕ್ಯಾಲ್ಸಿಯಂ ಎರಡೂ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ರಾತ್ರಿ ಮಲಗುವಾಗ, ನಿಂಬೆರಸದ ನೀರಿನ ಜೊತೆ ತಗೊಳ್ಳಿ, ಮಲ ಕಪ್ಪಾದರೆ ಮಾತ್ರೆ ಹೊಟ್ಟೆಗೆ ಹೋಗಿದೆ ಅಂತ ಅರ್ಥ, ಹೆದರಬೇಡಿ ಅಂತ ಎರಡು ಮಾತು ಮೊದಲ ದಿನವೇ ಬೇಕಿತ್ತು. 28ನೇ ವಾರದಲ್ಲಿ 8.9 ಬಂದಾಗ ರಕ್ತನಾಳದ ಮೂಲಕ ಐರನ್ ಸುಕ್ರೋಸ್ ಹಾಕಿಸಿಕೊಳ್ಳಲು ಹೇಳಿದ್ದರು. ಡೋಸ್ ಡೋಸ್ ಆಗಿ ಹೋಗಿ ಬರಬೇಕು. ಒಂದು ಡೋಸ್ ಆಯಿತು. ಮುಂದಿನದಕ್ಕೆ ಹೋಗಬೇಕಾದ ದಿನ ಹುಳದ ಮನೆಗೆ ಚಾಕಿ (ಸಾಕಲು ತರುವ ಮರಿ ಹುಳ) ಬಂತು.

ನೋಡಿ, ಇಲ್ಲೂ ಹುಳವೇ. ರಕ್ತಹೀನತೆಯನ್ನು ಬೇರೆ ಕಾರಣ ಅಂತ ಎಣಿಸಿದರೂ ಅದು ವಾಸಿಯಾಗದೇ ಇದ್ದದ್ದಕ್ಕೆ ಕಾರಣ ಅದೇ ಕೆಲಸ.

ಇನ್ನೊಂದು ಸಿಕ್ಕಿದ್ದು ಅನಿರೀಕ್ಷಿತವಾಗಿ. ಕಾರ್ಡಿನಲ್ಲಿ ತಂಬಾಕು ‘ಇಲ್ಲ’. ಆಕೆ ಮಾತಾಡುವಾಗ ಹಲ್ಲಿನ ಸಂದಿ ಕಪ್ಪಗೆ ಕಂಡಿತು. ‘ಬೀಡಿ, ಸಿಗರೇಟು ಸೇದ್ತೀಯಾ’ ಅಂತ ಕೇಳಿದ್ದರಂತೆ, ಇಲ್ಲ ಅಂದಿದ್ದಾಳೆ. ಹೆಂಗಸರನ್ನು ಹಾಗೆ ಕೇಳಿದರೆ ಇನ್ನೇನು ಹೇಳುತ್ತಾರೆ? ಎಲೆ-ಅಡಿಕೆ ಹಾಕ್ತೀಯಾ ಅಂತ ನಾನು ಕೇಳಿದೆ. ವಾಕರಿಕೆಗೆ ಒಳ್ಳೆಯದು ಅಂತ ಅತ್ತೆಯ ಚೀಲದಿಂದ ಶುರುವಾದದ್ದು, ಆಮೇಲೆ ಚಿಟಿಕೆ ಕಡ್ಡಿಪುಡಿಯೂ (ತಂಬಾಕಿನ ಪುಡಿ) ಸೇರಿಕೊಂಡಿತು, ದಿನಕ್ಕೆ ಮೂರ್ನಾಲ್ಕು ಸಲ. ಹಸಿವು ಕಟ್ಟುತ್ತದೆ, ನಿದ್ದೆ ತಡೆಯುತ್ತದೆ, ಹುಳದ ಕಾಲದಲ್ಲಿ ಎರಡೂ ಬೇಕು. ಮುಂಬೈಯಲ್ಲಿ 1,217 ಹೆಂಗಸರನ್ನು ಹಿಂಬಾಲಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಾಯಲ್ಲಿ ತಂಬಾಕು ಇಟ್ಟುಕೊಳ್ಳುವ ಬಸುರಿಯರ ಮಕ್ಕಳು ಸರಾಸರಿ 105 ಗ್ರಾಂ ಕಡಿಮೆ ತೂಗುತ್ತಿದ್ದವು. ಹೊಗೆ ಇಲ್ಲ ಅಂದ ಮಾತ್ರಕ್ಕೆ ಮಗುವಿಗೆ ಏನೂ ಆಗುವುದಿಲ್ಲ ಅಂತಲ್ಲ.

ಹೊಗೆಯೂ ಇತ್ತು, ಬೇರೆ ಕಡೆಯಿಂದ. ಡಿಸೆಂಬರ್, ಜನವರಿಯ ಚಳಿಗೆ ಹುಳದ ಮನೆ ಬೆಚ್ಚಗಿಡಲು ಇದ್ದಿಲಿನ ಕೆಂಡ, ಬಾಗಿಲು ಕಿಟಕಿಗೆ ಪರದೆ. ರಾತ್ರಿ ಹುಳ ಕಾಯಲು ಆಕೆ ಮಲಗಿದ್ದೂ ಅದರ ಬಾಗಿಲಲ್ಲೇ. ಸೌದೆ, ಇದ್ದಿಲ ಹೊಗೆಗೂ ಮಗುವಿನ ತೂಕಕ್ಕೂ ಸಂಬಂಧ ಇದೆ ಅಂತ ಬೇಕಾದಷ್ಟು ಅಧ್ಯಯನಗಳು ತೋರಿಸಿವೆ.

ಯಾವುದಕ್ಕೆ ಎಷ್ಟು ಪಾಲು?

ತಂಬಾಕಿಗೆ 105, ಊಟಕ್ಕೆ 200, ರಕ್ತಕ್ಕೆ ಇಷ್ಟು ಅಂತ ಕೂಡಿಸಿ 460 ಮಾಡಿಬಿಡಬಹುದು ಅನ್ನಿಸುತ್ತದೆ, ಅಲ್ವಾ? ಹಾಗಾಗುವುದಿಲ್ಲ. ಅವು ಸಾವಿರಾರು ಹೆಂಗಸರ ಸರಾಸರಿ, ಒಬ್ಬಳ ಲೆಕ್ಕ ಅಲ್ಲ. ಒಂದರೊಳಗೊಂದು ಹೆಣೆದುಕೊಂಡೂ ಇವೆ. ಕಡ್ಡಿಪುಡಿ ಹಸಿವು ಕೊಲ್ಲುತ್ತದೆ, ಊಟ ಇಲ್ಲದ್ದಕ್ಕೆ ರಕ್ತ ಇಲ್ಲ, ರಕ್ತ ಇಲ್ಲದ್ದಕ್ಕೆ ಸುಸ್ತು, ಸುಸ್ತಿಗೆ ಮತ್ತೆ ಕಡ್ಡಿಪುಡಿ.

ಆದರೂ ನನ್ನ ತೀರ್ಮಾನ ಕೇಳಿದರೆ ಹೇಳುತ್ತೇನೆ. ತಾಯಿಯ ಎತ್ತರ, ತೂಕ ಮಗುವನ್ನು 2,400ರ ಆಸುಪಾಸಿಗೆ ಮೊದಲೇ ತಂದು ನಿಲ್ಲಿಸಿತ್ತು. ಅಲ್ಲಿಂದ ಕೆಳಗೆ ಇಳಿಸಿದ್ದರಲ್ಲಿ ದೊಡ್ಡ ಪಾಲು ಎರಡು ಬಸಿರಿನ ನಡುವೆ ಇಲ್ಲದ ಅಂತರದ್ದು ಮತ್ತು ಕೊನೆಯ ಹತ್ತು ವಾರದ ಎರಡು ಹುಳದ ಬೆಳೆಯದ್ದು. ರಕ್ತಹೀನತೆ ಮೂರನೆಯದು. ಎಲ್ಲರೂ ಅದರ ಹೆಸರನ್ನೇ ಹೇಳುವುದು ಅದಕ್ಕೊಂದು ಪರೀಕ್ಷೆ ಇದೆ, ಒಂದು ಅಂಕಿ ಬರುತ್ತದೆ ಅನ್ನುವ ಕಾರಣಕ್ಕೆ. ಸೊಪ್ಪಿನ ಹೊರೆಗೆ ಕಾರ್ಡಿನಲ್ಲಿ ಕಾಲಂ ಇಲ್ಲ. ಗೂಡಿನ ಚೀಟಿ ನೋಡಬೇಕು, ಇಲ್ಲವೇ ಚಾಕಿ ಯಾವಾಗ ತರ್ತೀರಿ ಅಂತ ಬಸುರಿಯ ಐದನೇ ತಿಂಗಳಲ್ಲೇ ಕೇಳಬೇಕು. ನಾನು ಈಗ ಕೇಳುತ್ತೇನೆ. ಕೋಲಾರದ ಕಡೆಯ ನನ್ನ ಸಹೋದ್ಯೋಗಿಗಳು ಟೊಮೆಟೊ ಕೊಯ್ಲು ಯಾವಾಗ ಅಂತ ಕೇಳುತ್ತಾರೆ.

ಹೆರಿಗೆ ಆದ ಮೇಲೆ

1,800 ಗ್ರಾಂಗಿಂತ ಮೇಲಿದ್ದದ್ದರಿಂದ ನವಜಾತ ಶಿಶುಗಳ ವಿಶೇಷ ವಾರ್ಡಿಗೆ ಸೇರಿಸಲಿಲ್ಲ, ತಾಯಿಯ ಪಕ್ಕದಲ್ಲೇ ಇಟ್ಟರು. ಮೂರನೇ ಗಂಟೆಗೆ ಕೈ ಕಾಲು ಅದುರಿದಂತೆ ಕಂಡು ಸಕ್ಕರೆ ನೋಡಿದರು, 41 ಇತ್ತು. ಹಿಂಡಿದ ತಾಯಿ ಹಾಲನ್ನು ಒಳಲೆಯಲ್ಲಿ ಕುಡಿಸಿದರು, ಮುಂದಿನ ಸಲ 58. ಇಂಥ ಮಗುವಿನ ಮೈಯಲ್ಲಿ ಕೂಡಿಟ್ಟದ್ದು ಏನೂ ಇರುವುದಿಲ್ಲ, ಎರಡು ಗಂಟೆಗೊಮ್ಮೆ ಹಾಲು ಬೇಕೇ ಬೇಕು.

ಕಾಂಗರೂ ಆರೈಕೆಗೆ, ಅಂದರೆ ಮಗುವನ್ನು ಬರೀ ಮೈಯಲ್ಲಿ ತಾಯಿಯ ಎದೆಗೆ ಅವಚಿಕೊಳ್ಳುವುದಕ್ಕೆ, ಅತ್ತೆಯ ವಿರೋಧ ಇತ್ತು. ಶೀತ ಆಗುತ್ತದೆ ಅಂತ. ನರ್ಸಮ್ಮ ಜಾಣೆ. ವಾದ ಮಾಡದೆ, ಅವಚಿಕೊಳ್ಳುವ ಮೊದಲೊಮ್ಮೆ, ಒಂದು ಗಂಟೆಯ ಆಮೇಲೊಮ್ಮೆ ಮಗುವಿನ ಅಂಗಾಲು ಅತ್ತೆಯ ಕೈಗೇ ಕೊಟ್ಟು ಮುಟ್ಟಿ ನೋಡಿ ಅಂದಳು. ಮಾರನೇ ದಿನ ಸೊಸೆ ಊಟಕ್ಕೆ ಕೂತಾಗ ಅತ್ತೆಯೇ ಸೆರಗೊಳಗೆ ಮಗು ಹಾಕಿಕೊಂಡು ಕೂತಿದ್ದರು. ಮನೆಗೆ ಬಂದ ಮೇಲೆ ಎಣ್ಣೆ ಸ್ನಾನ, ಸಾಂಬ್ರಾಣಿ ಹೊಗೆ ಮುಂದೂಡಿಸುವುದೇ ಕಷ್ಟ ಆಯಿತು. ಸ್ನಾನ ಮುಂದೂಡಲು ಒಪ್ಪಿದರು. ಸಾಂಬ್ರಾಣಿ ಬಾಗಿಲ ಹೊರಗೆ ಹಾಕುವುದಕ್ಕೆ ರಾಜಿ ಆಯಿತು.

ಆಶಾ ಕಾರ್ಯಕರ್ತೆ ಆರೂ ಭೇಟಿ ತಪ್ಪಿಸಲಿಲ್ಲ. ಮಗು ಹನ್ನೆರಡನೇ ದಿನಕ್ಕೆ ಹುಟ್ಟಿದ ತೂಕಕ್ಕೆ ವಾಪಸ್ ಬಂತು, 28ನೇ ದಿನ 2,370, 42ನೇ ದಿನ 2,810. ತಾಯಿ 40 ಕಿಲೋ, ಹಿಮೋಗ್ಲೋಬಿನ್ 10.2. ಕೆಂಪು ಮಾತ್ರೆ ಈಗ ರಾತ್ರಿ ಹೊತ್ತು. ಕಡ್ಡಿಪುಡಿ ಬಿಟ್ಟಿದ್ದಾಳೆ ಅಂತ ಅವಳು ಹೇಳುತ್ತಾಳೆ, ಬರೀ ಎಲೆ-ಅಡಿಕೆ ಅಂತ ಅತ್ತೆ ಹೇಳುತ್ತಾರೆ. ವಂಕಿ (ಬಸಿರು ತಡೆಯುವ ಕಾಪರ್-ಟಿ) ಹಾಕಿಸಿಕೊಂಡಿದ್ದಾಳೆ. ಅದಕ್ಕೆ ಗಂಡ ಒಪ್ಪಿದ್ದು ಎರಡು ಕಾರ್ಡಿನ ತೂಕವನ್ನು ಪಕ್ಕಪಕ್ಕ ಓದಿ ಹೇಳಿದ ಮೇಲೆ. ಗೂಡಿನ ಚೀಟಿ ಓದುವವನಿಗೆ ಕಿಲೋ ಲೆಕ್ಕ ಬೇಗ ಅರ್ಥವಾಗುತ್ತದೆ.

ಬಾಣಂತನ ಮುಗಿಯುವ ತನಕ ಚಾಕಿ ತಂದಿಲ್ಲ. ಮುಂದಿನ ಬೆಳೆಗೆ 150 ಮೊಟ್ಟೆಯ (ಇಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪು) ಬದಲು 75 ಸಾಕು ಅಂತ ಗಂಡ, 150 ತಂದು ಕೊನೆಯ ವಾರಕ್ಕೆ ಇಬ್ಬರು ಕೂಲಿಯವರನ್ನು ಇಟ್ಟುಕೊಳ್ಳೋಣ ಅಂತ ಅತ್ತೆ. ನಾನು ಕೊನೆಯ ಸಲ ಹೋದಾಗ ಇನ್ನೂ ತೀರ್ಮಾನ ಆಗಿರಲಿಲ್ಲ.